ನಿಮ್ಮ ಮಾತಲ್ಲಿ ಹೇಳಿ

ನಮ್ಮ ಮನೆಯವರು ಅರ್ಧ ಊರಿಗೆ ಕಾರು ಓಡಿಸುವುದನ್ನು ಕಲಿಸಿದವರು ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಅವರು ಕಲಿಸಿದ್ದು ಲೈಸೆನ್ಸ್ ಪರೀಕ್ಷೆ ಪಾಸಾಗುವುದನ್ನು. ಓಡಿಸುವುದನ್ನು ಜನ ಆಮೇಲೆ ತಾವೇ ಕಲಿತುಕೊಂಡರು, ಅಲ್ಲಿ ಇಲ್ಲಿ ಗುದ್ದಿಕೊಂಡು, ಕಂಡವರ ಹತ್ತಿರ ಬೈಸಿಕೊಂಡು.

ಇದನ್ನು ನಾನು ಅವರ ಮುಖದ ಮೇಲೇ ಹೇಳುತ್ತಿದ್ದೆ. ಅವರು ನಗುತ್ತಿದ್ದರು. ನಮ್ಮ ಡ್ರೈವಿಂಗ್ ಸ್ಕೂಲ್ ಎಂದರೆ ಮನೆಯ ಮುಂದಿನ ಕೋಣೆ, ಅಷ್ಟೆ. ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಎದುರುಬದುರು ಎರಡು ಬೆಂಚು, ಬಾಗಿಲಾಚೆ ನಿಂತಿರುವ ಕಾರು. ಪರೀಕ್ಷೆಯ ಹಿಂದಿನ ದಿನ ಶಿಷ್ಯರನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ತಾವೇ ಆರ್‌ಟಿಓ ಸಾಹೇಬರ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಕೇಳುತ್ತಿದ್ದರು. "ಹಳದಿ ದೀಪ ಬಿತ್ತು. ಏನ್ ಮಾಡ್ತೀರಿ?" ಯಾವನಾದರೂ ಪಾಪದವನು, "ಆ ಕಡೆ ಈ ಕಡೆ ನೋಡ್ಕೊಂಡು ಬೇಗ ದಾಟ್ಬಿಡ್ತೀನಿ" ಎಂದರೆ ಮುಗಿಯಿತು. "ನಿನ್ನ ಮನಸ್ಸಲ್ಲಿರೋದನ್ನ ಯಾರಯ್ಯ ಕೇಳಿದ್ದು? ಸಾಹೇಬ್ರಿಗೆ ಏನ್ ಬೇಕೋ ಅದನ್ನ ಹೇಳು. ನಿಲ್ಲಿಸ್ತೀನಿ ಸಾರ್ ಅನ್ನು. ದಾಟೋದು ಲೈಸೆನ್ಸ್ ಬಂದ್ಮೇಲೆ ದಾಟ್ಕೋ." ಒಳಗೆ ಅಡುಗೆಮನೆಯಲ್ಲಿ ನನಗೆ ನಗು ತಡೆಯುತ್ತಿರಲಿಲ್ಲ.

ಮಕ್ಕಳಿಲ್ಲ ನಮಗೆ. ಮನೆಯಲ್ಲಿ ಇರುವವರು ನಾವಿಬ್ಬರು, ಮತ್ತೆ ನನ್ನ ಮೈದುನ. ಅವನು ಅಣ್ಣನ ಜೊತೆಗೇ ಸ್ಕೂಲ್ ನೋಡಿಕೊಳ್ಳುತ್ತಾನೆ, ಅಣ್ಣ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾನೆ. ಅಣ್ಣನಿಗೆ ಮೇದೋಜೀರಕದಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ದಿನವೂ ಹಾಗೇ ತಲೆ ಆಡಿಸಿಕೊಂಡು ಕೂತಿದ್ದ. ನನಗೆ ಮೈಯೆಲ್ಲ ಉರಿದು ಹೋಗಿತ್ತು.

ಮೊದಲು ಒಂದು ಬಗೆಯ ಕೀಮೋ ಕೊಟ್ಟರು. ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು, ಗಡ್ಡೆ ಹೋಗಲಿಲ್ಲ. ಇನ್ನೊಂದು ಬಗೆಯದು ಕೊಟ್ಟರು. ಗಡ್ಡೆ ಲಿವರಿಗೂ ಹೋಯಿತು. ಇಷ್ಟೆಲ್ಲ ಆದ ಮೇಲೆ ಒಂದು ದಿನ ಡಾಕ್ಟರು ಕಂಪ್ಯೂಟರಿನಿಂದ ಮುಖ ಈಚೆ ತಿರುಗಿಸಿ, "ಹೊಸದೊಂದು ಔಷಧಿ ಪ್ರಯೋಗ ನಡೀತಿದೆ. ಇಷ್ಟ ಇದ್ರೆ ಸೇರಬಹುದು. ಆದ್ರೆ ಎಲ್ಲರನ್ನೂ ತಗೊಳ್ಳಲ್ಲ, ಜಾಗ ಕಡಿಮೆ" ಎಂದರು. ನಮ್ಮವರು ಕುರ್ಚಿಯ ತುದಿಗೆ ಸರಿದು ಕೂತರು. ಡಾಕ್ಟರು ಇನ್ನೂ ಏನೇನೋ ಹೇಳಿದರು. ನಮ್ಮವರ ಕಿವಿಗೆ ಬಿದ್ದದ್ದು ಎರಡೇ ಮಾತು. ಹೊಸ ಔಷಧಿ, ಜಾಗ ಕಡಿಮೆ.

ಪಕ್ಕದ ಕೋಣೆಯಲ್ಲಿ ಒಬ್ಬಳು ಹೆಂಗಸು ಕೂತಿದ್ದಳು. ಔಷಧಿ ಪ್ರಯೋಗಕ್ಕೆ ಸೇರುವವರಿಗೆ ಅದೇನು ಎತ್ತ ಎಂದು ತಿಳಿಸಿ ಹೇಳುವುದೇ ಅವಳ ಕೆಲಸವಂತೆ, ಕೌನ್ಸೆಲರ್ ಅಂತೆ. ಕಿಟಕಿ ಇಲ್ಲದ ಸಣ್ಣ ಕೋಣೆ. ಮೇಜಿನ ಮೇಲೆ ಕಣ್ಣೊರೆಸಿಕೊಳ್ಳಲು ಟಿಶ್ಯೂ ಕಾಗದದ ಪೆಟ್ಟಿಗೆ. ಅದನ್ನು ನೋಡಿದಾಗಲೇ ನನಗೆ ಆ ಕೋಣೆ ಹಿಡಿಸಲಿಲ್ಲ. ಅವಳು ಒಂದು ಗಂಟೆ ಕೂತು ಹೇಳಿದಳು, ಮಧ್ಯೆ ಮಧ್ಯೆ ನಿಲ್ಲಿಸಿ ಅರ್ಥ ಆಯಿತಾ ಎಂದಳು. ನಮ್ಮವರು ಪ್ರತಿ ಸಲವೂ ಆಯ್ತು ಮೇಡಂ ಎಂದರು. ಕೊನೆಗೆ ಅವಳು ಪ್ರಶ್ನೆ, ಉತ್ತರ ಎಂದು ಬರೆದ ಒಂದಿಷ್ಟು ಹಾಳೆ ಕೊಟ್ಟು, "ಇವತ್ತೇ ಏನೂ ಹೇಳ್ಬೇಡಿ. ಮನೇಲಿ ಓದಿ, ಮಾತಾಡ್ಕೊಳ್ಳಿ. ಬರೋ ವಾರ ಬನ್ನಿ. ಆವಾಗ ನಾನು ಕೆಲವು ಪ್ರಶ್ನೆ ಕೇಳ್ತೀನಿ, ನಿಮ್ಮ ಮಾತಲ್ಲಿ ಹೇಳಿ" ಎಂದಳು.

ಹೊರಗೆ ಬಂದು ಕಾರು ಹತ್ತಿದ ಕೂಡಲೇ ನಮ್ಮವರು ತಮ್ಮನಿಗೆ, "ವೈವಾ ಇದೆ ಕಣೋ" ಎಂದರು.

"ಏನಣ್ಣ?"

"ಬಾಯಿ ಪರೀಕ್ಷೆ. ಜಾಗ ಕಡಿಮೆ, ಜನ ಜಾಸ್ತಿ. ಕೇಳಿ ಆರಿಸ್ತಾರೆ."

ಮೈದುನ ತಲೆ ಆಡಿಸಿದ. "ನೀನು ಪಾಸಾಗ್ದೆ ಇನ್ಯಾರಣ್ಣ ಆಗ್ತಾರೆ" ಎಂದ. ನಾನೂ ತಿದ್ದಲು ಹೋಗಲಿಲ್ಲ. ಆ ಹೆಂಗಸು ಹೇಳಿದ್ದರಲ್ಲಿ ನನಗೂ ತಲೆಗೆ ಹೋದದ್ದು ಅಷ್ಟಕ್ಕಷ್ಟೆ. ಬಹಳ ತಿಂಗಳ ಮೇಲೆ ಅವರ ಧ್ವನಿಯಲ್ಲಿ ಒಂದು ಚೂರು ಜೀವ ಕಂಡಿತ್ತು. ಅದನ್ನು ಚಿವುಟುವ ಮನಸ್ಸು ಯಾರಿಗಿರುತ್ತದೆ?

ಮರುದಿನದಿಂದ ಮನೆಯ ಮುಂದಿನ ಕೋಣೆಯಲ್ಲಿ ನಾನು ಸಾಹೇಬರು, ಅವರು ಶಿಷ್ಯ. ಬೆಳಿಗ್ಗೆ ಕಲಿಯಲು ಬರುವವರನ್ನು ಮೈದುನ ಕಾರಿನಲ್ಲಿ ಕರೆದುಕೊಂಡು ಹೋದ ಮೇಲೆ, ನಾನು ಹಾಳೆ ಹಿಡಿದು ಒಂದು ಬೆಂಚಿನ ಮೇಲೆ ಕೂರುವುದು, ಅವರು ಶಾಲು ಹೊದ್ದುಕೊಂಡು ಎದುರಿನ ಬೆಂಚಿನ ಮೇಲೆ ಕೂರುವುದು. ನಿಂತರೆ ಕಾಲು ನಡುಗುತ್ತಿತ್ತು. ಆದರೂ ಮೊದಲ ದಿನ ಎದ್ದು ನಿಂತೇ ಉತ್ತರ ಹೇಳಲು ಹೋದರು. "ಕೂತ್ಕೊಳ್ರೀ ಸಾಕು, ನಾನೇನು ನಿಮ್ಮ ಹೆಡ್‌ಮಾಸ್ಟ್ರಾ" ಎಂದು ಗದರಿದೆ.

"ಈ ಪ್ರಯೋಗ ಯಾಕೆ ಮಾಡ್ತಿದಾರೆ?"

"ಈ ಔಷಧಿ ಎಷ್ಟು ಪ್ರಮಾಣದಲ್ಲಿ ಕೊಟ್ರೆ ದೇಹ ತಡ್ಕೊಳ್ಳುತ್ತೆ ಅಂತ ತಿಳ್ಕೊಳ್ಳೋಕೆ."

"ಇದರಿಂದ ನಿಮಗೆ ಉಪಯೋಗ ಆಗುತ್ತಾ?"

"ಆಗದೇ ಇರಬಹುದು. ಮುಂದೆ ಬರೋ ರೋಗಿಗಳಿಗೆ ಆಗಬಹುದು." ಇದನ್ನು ಹೇಳುವಾಗ ಮುಖವನ್ನು ದೊಡ್ಡ ತ್ಯಾಗಿಯ ಹಾಗೆ ಮಾಡಿಕೊಳ್ಳುತ್ತಿದ್ದರು. ನಾನು ಹಾಳೆ ಮುಖಕ್ಕೆ ಅಡ್ಡ ಹಿಡಿದು ನಕ್ಕೆ.

"ಮಧ್ಯದಲ್ಲಿ ಬೇಡ ಅನ್ನಿಸಿದ್ರೆ?"

"ಯಾವಾಗ ಬೇಕಾದ್ರೂ ಬಿಟ್ಟು ಬರಬಹುದು. ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಮಾಮೂಲಿ ಚಿಕಿತ್ಸೆಗೂ ತೊಂದ್ರೆ ಆಗಲ್ಲ." ಆಮೇಲೆ ನನ್ನ ಕಡೆ ಬಾಗಿ, "ಇದು ಟ್ರಿಕ್ ಪ್ರಶ್ನೆ ಕಣೇ. ಬಿಟ್ಟು ಹೋಗೋ ಗಿರಾಕಿನಾ ಅಂತ ನೋಡ್ತಾರೆ" ಎಂದರು.

ಊಟ ಒಂದು ತುತ್ತು ಇಳಿಯುತ್ತಿರಲಿಲ್ಲ, ಉತ್ತರ ಮಾತ್ರ ದಿನದಿಂದ ದಿನಕ್ಕೆ ನೀರು ಕುಡಿದಷ್ಟು ಸಲೀಸಾಯಿತು. ಅಕ್ಕಪಕ್ಕದವರು ವಿಚಾರಿಸಲು ಬಂದರೆ, "ಹೊಸ ಔಷಧಿ ಬಂದಿದೆ, ಸೀಟು ಸಿಕ್ಕಿಬಿಟ್ರೆ ಗೆದ್ದ ಹಾಗೆ" ಎನ್ನುತ್ತಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಕಾರಿಗೆ ಹೊಸ ಕ್ಲಚ್ಚು ಹಾಕಿಸಬೇಕು, ಗೋಡೆಗೆ ಬಣ್ಣ ಹೊಡೆಸಬೇಕು ಎಂದು ಮೈದುನನ ಜೊತೆ ಲೆಕ್ಕಾಚಾರ ನಡೆಯಿತು. ಗೋಡೆಗೆ ಬಣ್ಣವಂತೆ. ಸ್ವಂತ ಮುಖದ ಬಣ್ಣ ಅರಿಶಿನದ ಹಾಗಾಗಿತ್ತು.

ವಾರದ ನಡುವೆ ಒಂದು ಬೆಳಿಗ್ಗೆ, ಅಲ್ಲಿಯ ತನಕ ಯಾಕೋ ಬಿಟ್ಟೇ ಹೋಗಿದ್ದ ಒಂದು ಪ್ರಶ್ನೆ ಕೇಳಿದೆ. "ಇದಕ್ಕೆ ಸೇರದೇ ಹೋದ್ರೆ ನಿಮಗೆ ಬೇರೆ ಏನು ದಾರಿ ಇದೆ?"

ಅವರು ಕಣ್ಣು ಮುಚ್ಚಿ ನೆನಪಿಸಿಕೊಂಡು, "ನೋವು ಕಡಿಮೆ ಮಾಡೋ ಆರೈಕೆ ತಗೊಳ್ಳೋದು" ಎಂದರು.

"'ಮಾತ್ರ' ಬಿಟ್ರಿ" ಎಂದೆ. "ನೋವು ಕಡಿಮೆ ಮಾಡೋ ಆರೈಕೆ ಮಾತ್ರ ತಗೊಳ್ಳೋದು. ಇಲ್ಲಿ ಮಾತ್ರ ಅಂತ ಹಾಕಿದಾರೆ."

"ನೋವು ಕಡಿಮೆ ಮಾಡೋ ಆರೈಕೆ ಮಾತ್ರ ತಗೊಳ್ಳೋದು" ಎಂದು ಅವರು ತಿದ್ದಿಕೊಂಡು ಒಪ್ಪಿಸಿದರು. "ಮುಂದಿಂದು ಕೇಳು."

ನನಗೆ ಮುಂದಿನದು ಕಾಣಿಸಲಿಲ್ಲ.  ಬೇರೆ ಚಿಕಿತ್ಸೆ ಇಲ್ಲ ಎಂದು ಹಾಳೆ ಹೇಳುತ್ತಿದೆ. ಅದಕ್ಕಿಂತ ಮೇಲಿನ ಸಾಲು, ಈ ಔಷಧಿಯಿಂದ ಉಪಯೋಗ ಆಗದೇ ಇರಬಹುದು ಎನ್ನುತ್ತಿದೆ. ಎರಡನ್ನೂ ಸೇರಿಸಿದರೆ ಏನು ಉಳಿಯಿತು? ಇಷ್ಟು ದಿನ ಗಿಣಿಯ ಹಾಗೆ ಅವರಿಂದ ಒಪ್ಪಿಸಿಕೊಂಡದ್ದು ಯಾವ ಪಾಠವನ್ನೂ ಅಲ್ಲ, ಅವರ ಗತಿಯನ್ನು.

ಹಾಳೆ ತೊಡೆಯ ಮೇಲಿಟ್ಟು, "ರೀ, ನೀವು ಹೇಳ್ತೀರಲ್ಲ, ಉಪಯೋಗ ಆಗದೇ ಇರಬಹುದು ಅಂತ. ಅದು ನಿಜ ಅನ್ಸುತ್ತಾ ನಿಮಗೆ?" ಎಂದು ಕೇಳಿದೆ.

ಅವರು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. "ಹಳದಿ ದೀಪಕ್ಕೆ ಯಾರೇ ನಿಲ್ಲಿಸ್ತಾರೆ?" ಎಂದರು. "ನಮ್ಮನ್ನ ಆಸೆಬುರುಕ ಅನ್ಕೋಬಾರ್ದು ಅಂತ ಹಂಗೆ ಹೇಳೋದು. ಉಪಯೋಗ ಇಲ್ದೇ ಇರೋದನ್ನ ಅಷ್ಟು ದೊಡ್ಡ ಆಸ್ಪತ್ರೆಯೋರು ಯಾಕೆ ಕೊಡ್ತಾರೆ?"

ಆವಾಗ ಹೇಳಬೇಕಿತ್ತು. ಬಾಯಿ ಜೋರಿನವಳು ಎಂದು ಇಡೀ ಬೀದಿಯಲ್ಲಿ ಹೆಸರು ನನಗೆ, ತರಕಾರಿಯವನಿಂದ ಹಿಡಿದು ಕರೆಂಟಿನವನ ತನಕ ಎಲ್ಲರಿಗೂ ನೆಟ್ಟಗೆ ಹೇಳಿಬಿಡುವವಳು. ಅಂಥವಳು ಹಾಳೆ ತಿರುಗಿಸಿ ಮುಂದಿನ ಪ್ರಶ್ನೆ ಕೇಳಿದೆ. ವಾರ ಮುಗಿಯುವ ತನಕ ದಿನಾ ಕೇಳಿದೆ. ಒಂದೊಂದು ಅಕ್ಷರ ತಪ್ಪಿದರೂ ತಿದ್ದಿದೆ.

ಗೊತ್ತಾದ ಮೇಲೆ ಆ ಹಾಳೆಗಳನ್ನು ನಾನೊಬ್ಬಳೇ ಕೂತು ಓದಿದೆ. ವಾರದಲ್ಲಿ ಮೂರು ದಿನ ಆಸ್ಪತ್ರೆ. ಔಷಧಿ ಕೊಟ್ಟ ದಿನ ಇಡೀ ದಿನ ಅಲ್ಲೇ ಇರಬೇಕು, ಗಂಟೆಗಂಟೆಗೆ ರಕ್ತ ತೆಗೆಯುತ್ತಾರೆ. ಇವರ ಕೈಯಲ್ಲಿ ಸೂಜಿ ಹಾಕಲು ನರ ಸಿಗುತ್ತಿರಲಿಲ್ಲ, ನರ್ಸುಗಳು ಹುಡುಕಿ ಹುಡುಕಿ ಸೋತು ಪಾದಕ್ಕೆ ಚುಚ್ಚುತ್ತಿದ್ದರು. ವಾಂತಿ ಬರಬಹುದು, ಬಾಯಿ ಹುಣ್ಣಾಗಬಹುದು, ಉಸಿರು ಕಟ್ಟಬಹುದು. ಇನ್ನು ಎಷ್ಟು ದಿನ ಇರುತ್ತೇನೋ ಅಷ್ಟನ್ನೂ ಹೀಗೆ ಕಳೆಯುತ್ತೇನೆಂದು ಮನುಷ್ಯ ತಿಳಿದು ಒಪ್ಪಿದರೆ ಅದು ಬೇರೆ ಮಾತು. ಇವರು ಒಪ್ಪುತ್ತಿರುವುದು ಹೊಸ ಕ್ಲಚ್ಚಿಗೆ, ಗೋಡೆಯ ಬಣ್ಣಕ್ಕೆ.

ಆ ದಿನ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಅಂಗಿಯೊಳಗೆ ಅವರು ಇದ್ದಾರೋ ಇಲ್ಲವೋ ಎನ್ನುವ ಹಾಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಪಕ್ಕದ ಕುರ್ಚಿಯಲ್ಲಿ ಒಬ್ಬಳು ದರ್ಜಿ ಹೆಂಗಸು ಕೂತಿದ್ದಳು, ಇದೇ ಔಷಧಿ ತೆಗೆದುಕೊಳ್ಳುತ್ತಿರುವವಳು. ಕೈತುಂಬ ಸೂಜಿ ಚುಚ್ಚಿದಲ್ಲೆಲ್ಲ ಅಂಟುಪಟ್ಟಿ. ನಮ್ಮವರು ಉತ್ಸಾಹದಿಂದ, "ಹೇಗಿದೆ, ಗುಣ ಕಾಣ್ತಿದೆಯಾ?" ಎಂದು ಕೇಳಿದರು.

"ಗುಣಕ್ಕೆ ಅಂತ ಬಂದವಳಲ್ಲ ನಾನು" ಎಂದಳು ಅವಳು. "ನನ್ನ ತಂಗಿಗೂ ಇದೇ ಕಾಯಿಲೆ ಶುರುವಾಗಿದೆ. ಅವಳ ಹೊತ್ತಿಗಾದ್ರೂ ಏನಾದ್ರೂ ಗೊತ್ತಾಗ್ಲಿ ಅಂತ ಬಂದೆ."

ನಮ್ಮವರು ನನ್ನ ಕಿವಿಯಲ್ಲಿ, "ನೋಡು, ಎಷ್ಟು ಚೆನ್ನಾಗಿ ತಯಾರಾಗಿದಾಳೆ" ಎಂದರು. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ.

ಕೋಣೆಯೊಳಗೆ ಕೌನ್ಸೆಲರ್ ಒಂದೊಂದೇ ಪ್ರಶ್ನೆ ಕೇಳಿದಳು. ಅವರು ಒಂದೊಂದನ್ನೂ ಹೇಳಿದರು. ತಡವರಿಸಲಿಲ್ಲ. 'ಮಾತ್ರ'ವನ್ನೂ ಬಿಡಲಿಲ್ಲ. ಅವಳು ಒಂದೆರಡು ಕಡೆ ತಲೆ ಓರೆ ಮಾಡಿ, "ಅದನ್ನೇ ಸ್ವಲ್ಪ ಬೇರೆ ಥರ ಹೇಳ್ತೀರಾ?" ಎಂದಳು. ಅವರು ಅದನ್ನೇ ಇನ್ನೂ ನಿಧಾನವಾಗಿ ಹೇಳಿದರು. ಅವಳಿಗೆ ಏನೋ ಸಮಾಧಾನವಿಲ್ಲ ಎಂದು ನನಗೆ ತಿಳಿಯುತ್ತಿತ್ತು, ಆದರೆ ತಪ್ಪು ಎಲ್ಲಿ ಹಿಡಿಯುತ್ತಾಳೆ? ಎಲ್ಲವೂ ಸರಿಯಾಗಿತ್ತು. ಕೊನೆಗೆ ಒಪ್ಪಿಗೆಯ ಹಾಳೆ ಅವರ ಮುಂದೆ ಸರಿಸಿ ಪೆನ್ನು ಇಟ್ಟಳು. ನಮ್ಮವರು ಪೆನ್ನು ತೆಗೆದುಕೊಂಡು ನನ್ನ ಕಡೆ ನೋಡಿ, ಗೆದ್ದವರ ಹಾಗೆ ಸಣ್ಣಗೆ ಕಣ್ಣು ಮಿಟುಕಿಸಿದರು.

ಆ ಕಣ್ಣು ಮಿಟುಕಿಸಿದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಪಾಠ ಒಪ್ಪಿಸ್ತಿದಾರೆ ಮೇಡಂ" ಎಂದೆ. "ನಾನೇ ಕೂತು ಬಾಯಿಪಾಠ ಮಾಡಿಸಿದ್ದು. ಹೇಳಿದ್ದರಲ್ಲಿ ಒಂದಕ್ಷರ ನಂಬಿಲ್ಲ ಇವರು. ಇದೊಂದು ಪರೀಕ್ಷೆ, ಪಾಸಾದ್ರೆ ಬದುಕ್ತೀನಿ ಅನ್ಕೊಂಡಿದಾರೆ."

ನಮ್ಮವರ ಮುಖ ಸುಟ್ಟ ಹಾಗಾಯಿತು. "ತಲೆ ಕೆಟ್ಟಿದೆಯಾ ನಿನಗೆ?" ಎಂದರು. ಅಷ್ಟು ಮೆಲ್ಲಗೆ ಅವರು ನನಗೆ ಯಾವತ್ತೂ ಬೈದವರಲ್ಲ. ಅವಳ ಕಡೆ ತಿರುಗಿ, "ಇವಳಿಗೆ ನಿದ್ದೆ ಇಲ್ಲ ಮೇಡಂ, ಏನೇನೋ ಮಾತಾಡ್ತಾಳೆ. ನೀವು ಇನ್ನೊಂದ್ಸಲ ಕೇಳಿ ಬೇಕಾದ್ರೆ" ಎಂದರು.

ಕೌನ್ಸೆಲರ್ ಆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಮಗುಚಿ ಇಟ್ಟಳು. "ಇದು ನಿಮಗೆ ಪರೀಕ್ಷೆ ಅಲ್ಲ" ಎಂದಳು. "ನನಗೆ. ನಾನು ಹೇಳಿದ್ದು ನಿಮಗೆ ಮುಟ್ಟಿದೆಯಾ ಅಂತ ನೋಡೋಕೆ ಕೇಳೋದು. ನೀವು ಒಂದೂ ಉತ್ತರ ಹೇಳದಿದ್ರೂ ಸೇರಿಸ್ಕೊಳ್ಳಲ್ಲ ಅನ್ನಲ್ಲ, ಮತ್ತೆ ಕೂತು ಹೇಳ್ತೀನಿ ಅಷ್ಟೆ. ತಗೊಳ್ಳೋದು ಬಿಡೋದು ನಿಮ್ಮ ರಕ್ತ, ನಿಮ್ಮ ಲಿವರ್ ನೋಡಿ." ಆಮೇಲೆ ಅವಳು ಕುರ್ಚಿಯನ್ನು ಮೇಜಿನ ಈ ಕಡೆಗೆ ತಂದು ಹಾಕಿಕೊಂಡು ಕೂತಳು. "ಈಗ ಉತ್ತರ ಬೇಡ. ನಿಮಗೆ ಇದರಿಂದ ಏನಾಗ್ಲಿ ಅಂತ ಆಸೆ?"

ಅವರು ಪೆನ್ನನ್ನು ಮೇಜಿನ ಮೇಲಿಟ್ಟರು. "ಬದುಕ್ಬೇಕು" ಎಂದರು. ಶಾಲಾ ಹುಡುಗನ ಹಾಗೆ ತಲೆ ತಗ್ಗಿಸಿಕೊಂಡು ಹೇಳಿದರು, ಅದೇ ದೊಡ್ಡ ತಪ್ಪು ಉತ್ತರ ಎನ್ನುವ ಹಾಗೆ.

ಅವಳು ಆತುರ ಮಾಡಲಿಲ್ಲ. ಇದುವರೆಗೆ ತೆಗೆದುಕೊಂಡವರಲ್ಲಿ ಕೆಲವರಿಗೆ ಗಡ್ಡೆ ಸ್ವಲ್ಪ ಕಾಲ ಬೆಳೆಯದೆ ನಿಂತಿದೆ, ವಾಸಿಯಾದವರು ಯಾರೂ ಇಲ್ಲ ಎಂದಳು. "ನಿಮಗೆ ಆಗೋದೇ ಇಲ್ಲ ಅಂತ ನಾನು ಹೇಳಲಾರೆ. ಆದ್ರೆ ಅದನ್ನ ನಂಬ್ಕೊಂಡು ಬರೋದಾದ್ರೆ ದಯವಿಟ್ಟು ಬರ್ಬೇಡಿ. ಬೇರೆ ಕಾರಣಕ್ಕೆ ಬರೋದಾದ್ರೆ ಬನ್ನಿ, ಚೆನ್ನಾಗಿ ನೋಡ್ಕೋತೀವಿ. ಬರದಿದ್ರೂ ನೋಡ್ಕೋತೀವಿ, ನೋವಿಗೆ ಔಷಧಿ ಇದೆ." ಎಷ್ಟು ದಿನ ಎಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಟಿಶ್ಯೂ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು. ನಾನು ಮುಟ್ಟಲಿಲ್ಲ, ಸೆರಗಿನಲ್ಲೇ ಮೂಗೊರೆಸಿಕೊಂಡೆ.

ಕಾರಿನಲ್ಲಿ ಮೈದುನ, "ಏನಾಯ್ತಣ್ಣ, ಪಾಸಾ?" ಎಂದ. "ನಿಮ್ಮ ಅತ್ತಿಗೆ ಫೇಲ್ ಮಾಡಿಸಿದ್ಲು" ಎಂದರು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ ನೋಟ ಈಗಲೂ ನನಗೆ ಚುಚ್ಚುತ್ತದೆ.

ಆ ದಿನ ಮಾತಿಲ್ಲ. ಮರುದಿನವೂ ಇಲ್ಲ. ಊಟದ ತಟ್ಟೆ ಇಟ್ಟರೆ ಹಾಗೇ ವಾಪಸ್ಸು. ಮಾತ್ರೆ ಕೊಟ್ಟರೆ ನನ್ನ ಮುಖ ನೋಡದೆ ತೆಗೆದುಕೊಳ್ಳುವುದು. ಮೈದುನ ಕೂಡ ನನ್ನ ಜೊತೆ ಒಂದು ಮಾತಿಗೆ ಒಂದು ಮಾತು. "ಆಸೆ ಇಟ್ಕೊಂಡಿದ್ರು ಅತ್ತಿಗೆ. ಅದನ್ನೂ ಕಿತ್ಕೊಂಡ್ರಲ್ಲ" ಎಂದು ಬಚ್ಚಲಮನೆಯ ಬಾಗಿಲಲ್ಲಿ ನಿಂತು ಹೇಳಿ ಹೋದ. ಪಾತ್ರೆ ಕುಕ್ಕಿ ಕುಕ್ಕಿ ತೊಳೆದೆ. ಸರಿ ಮಾಡಿದೆ ಎಂದು ಎಷ್ಟು ಸಲ ಹೇಳಿಕೊಂಡರೂ ಮನಸ್ಸಿಗೆ ಹತ್ತಲಿಲ್ಲ.

ಅದರ ಮರುದಿನ ಮಧ್ಯಾಹ್ನ ಮುಂದಿನ ಕೋಣೆಯಿಂದ ಕರೆದರು. ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದರು. ಎದುರಿನ ಬೆಂಚು ತೋರಿಸಿ, "ಕೂತ್ಕೋ. ಈಗ ನಾನು ಕೇಳ್ತೀನಿ, ನೀನು ಹೇಳು" ಎಂದರು. ಕೂತೆ.

"ನಿನಗೆ ಯಾವಾಗ ಗೊತ್ತಾಯ್ತು?"

"'ಮಾತ್ರ' ಬಿಟ್ರಿ ಅಂತ ತಿದ್ದಿದ್ನಲ್ಲ, ಆವಾಗ."

"ಆಮೇಲೂ ದಿನಾ ಒಪ್ಪಿಸ್ಕೊಂಡೆ."

"ಹೂಂ."

"ಯಾಕೆ?"

"ಪಾಸಾಗ್ಲಿ ಅಂತ" ಎಂದೆ.

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ಇಬ್ಬರೂ ಕಾದೆವು. ಆಮೇಲೆ, "ಏನು ಗೊತ್ತಾಯ್ತು, ಅದನ್ನ ಹೇಳು. ಹಾಳೇಲಿರೋ ಮಾತು ಬೇಡ" ಎಂದರು.

 ರಸ್ತೆಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಅದು ಹೋಯಿತು. "ನೀವು ಉಳಿಯಲ್ಲ ರೀ" ಎಂದೆ. "ಆ ಔಷಧಿ ತಗೊಂಡ್ರೂ ಅಷ್ಟೆ, ಬಿಟ್ರೂ ಅಷ್ಟೆ." ಈ ಕಾಯಿಲೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತು ಅದು.

ಅವರು ತಲೆ ಆಡಿಸಿದರು. "ಹಂಗಾದ್ರೆ ನಾಳೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡು. ಆ ದರ್ಜಿ ಅಮ್ಮನಿಗೆ ತಂಗಿ ಇದಾಳೆ, ಅವಳು ಹೋಗೋದು ಸರಿ. ನಾನು ಯಾರಿಗೋಸ್ಕರ ಹೋಗ್ಲಿ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಕಲಿಯೋರು ನಾಲ್ಕೈದು ಜನ ಅರ್ಧಕ್ಕೆ ನಿಂತಿದಾರೆ. ತಮ್ಮ ಸರಿಯಾಗಿ ಹೇಳ್ಕೊಡಲ್ಲ. ಕೂರೋಕಾಗೋ ತನಕ ಬೆಳಿಗ್ಗೆ ಹೊತ್ತು ಪಕ್ಕದ ಸೀಟಲ್ಲಿ ಕೂರ್ತೀನಿ. ಮಿಕ್ಕ ಹೊತ್ತು ಇಲ್ಲೇ ಬಿದ್ಕೊಂಡಿರ್ತೀನಿ, ನಿನ್ನ ಬೈಗುಳ ಕೇಳ್ಕೊಂಡು."

ನನಗೆ ಸಮಾಧಾನವಾಗಬೇಕಿತ್ತು. ನಾನು ಬೇಕೆಂದದ್ದು ಇದೇ ಅಲ್ಲವೇ? ತಿಳಿದು ಹೇಳಲಿ ಎಂದಿದ್ದೆ, ತಿಳಿದೇ ಹೇಳುತ್ತಿದ್ದರು. ಆದರೆ ನಾನು ಬೆಂಚಿನಿಂದ ಇಳಿದು ಅವರ ಮೊಣಕಾಲು ಹಿಡಿದುಕೊಂಡಿದ್ದೆ.

"ಬೇಡ ರೀ" ಎನ್ನುತ್ತಿದ್ದೆ. "ಸೈನ್ ಮಾಡಿಬಿಡಿ. ಆಗೋದೇ ಇಲ್ಲ ಅಂತ ಅವಳೂ ಹೇಳ್ಲಿಲ್ವಲ್ಲ. ಯಾರಿಗೆ ಗೊತ್ತು, ನಿಮಗೆ ಹಿಡಿದ್ರೂ ಹಿಡೀಬಹುದು. ನಾನು ದಿನಾ ಜೊತೆಗೆ ಬರ್ತೀನಿ. ಒಂದೇ ಒಂದು ಸಲ ನೋಡೋಣ ರೀ."

ಅವರು ನನ್ನನ್ನು ನೋಡಿದರು. ಕೋಪ ಹೋಗಿತ್ತು. ಶಾಲಿನಿಂದ ಕೈ ತೆಗೆದು ನನ್ನ ತಲೆಯ ಮೇಲಿಟ್ಟರು, ಅದಕ್ಕೆ ತೂಕವೇ ಇರಲಿಲ್ಲ.

"ನೀನೂ ಬರೀ ಬಾಯಿಪಾಠ ಮಾಡಿದ್ಯಲ್ಲೇ" ಎಂದರು.

ಮರುದಿನ ಬೆಳಿಗ್ಗೆ ನಾನೇ ಫೋನ್ ಮಾಡಿ ಅವರು ಬರುವುದಿಲ್ಲ ಎಂದೆ. ಹೊರಗೆ ಅವರನ್ನು ಮೈದುನ ತೋಳು ಹಿಡಿದು ಕಾರಿನ ಪಕ್ಕದ ಸೀಟಿಗೆ ಹತ್ತಿಸುತ್ತಿದ್ದ. ಕೌನ್ಸೆಲರ್ ಎಲ್ಲ ಕೇಳಿಸಿಕೊಂಡು, ಒಂದು ವಿಷಯ ಮಾತ್ರ ಕೇಳಬೇಕು ಎಂದಳು. "ಇದು ಅವರೇ ಯೋಚನೆ ಮಾಡಿ ತಗೊಂಡ ತೀರ್ಮಾನನಾ?"

ಹೌದು ಎಂದೆ. ಅಷ್ಟು ಹೇಳುವುದಕ್ಕೆ ನಾನು ಎರಡು ಸಲ ಬಾಯಿ ತೆರೆಯಬೇಕಾಯಿತು.